ಇಟ್ಟಮಡುವಿಗೆ ಮರಳುವ ದಾರಿ

ಪ್ರವಾಸ ಹೊರಡುವವರನ್ನು ಬೀಳ್ಕೊಡಲು ಬೀದಿಯೇ ನೆರೆಯುತ್ತದೆ. ಬರುವ ದಾರಿ ಯಾವುದೆಂದು ಕೇಳುವವರು ಕಡಿಮೆ. ಬೆಂಗಳೂರಿನ ಬನಶಂಕರಿ ಮೂರನೇ ಹಂತದ ಮಗ್ಗುಲಲ್ಲಿರುವ ಇಟ್ಟಮಡುವಿನ ಒಂದು ಕುಟುಂಬ, ಒಲೆ, ಹಾಸಿಗೆ, ನೀರಿನ ಟ್ಯಾಂಕು ಎಲ್ಲವೂ ಇರುವ ಕ್ಯಾಂಪರ್ ವ್ಯಾನಿನಲ್ಲಿ ಯುರೋಪಿನವರೆಗೂ ಹೋಯಿತೆಂದು ಇಟ್ಟುಕೊಳ್ಳಿ. ಹೋದದ್ದು ಸಾಹಸವೇ ಸರಿ. ಮರಳುವುದು ಅದಕ್ಕಿಂತ ಕಠಿಣ.

ಮನುಷ್ಯರಿಗೆ ಪಾಸ್‌ಪೋರ್ಟ್ ಇರುವಂತೆ, ಹಲವು ದೇಶಗಳನ್ನು ದಾಟಲು ವಾಹನಕ್ಕೂ ಒಂದು ಪುಸ್ತಕ ಬೇಕು. ಅದರ ಹೆಸರು ಕಾರ್ನೆ. 'ಈ ಗಾಡಿಯನ್ನು ನಿಮ್ಮಲ್ಲಿ ಮಾರುವುದಿಲ್ಲ, ಹೊರಗೆ ಒಯ್ಯುತ್ತೇವೆ' ಎಂಬ ವಾಗ್ದಾನ ಅದು. ಅವಧಿ ಒಂದು ವರ್ಷ. ಒಳಬಂದದ್ದಕ್ಕೆ ಒಂದು ಮುದ್ರೆ, ಹೊರಬಿದ್ದದ್ದಕ್ಕೆ ಇನ್ನೊಂದು. ಎರಡನೆಯದು ತಪ್ಪಿದರೆ ಆ ದೇಶ ಆಮದು ಸುಂಕ ಕೇಳಬಹುದು, ಊರಿನಲ್ಲಿ ಇಟ್ಟ ಠೇವಣಿಯೂ ಸಿಕ್ಕಿಬೀಳುತ್ತದೆ. ಉತ್ತರಗಳನ್ನೆಲ್ಲ ಸರಿಯಾಗಿ ಬರೆದು ನೋಂದಣಿ ಸಂಖ್ಯೆ ಬರೆಯಲು ಮರೆತ ವಿದ್ಯಾರ್ಥಿಯ ಪಾಡು!

ಇನ್ನು ದಾರಿ. 1960 ಮತ್ತು 70ರ ದಶಕಗಳಲ್ಲಿ ಲಂಡನ್ನಿನಿಂದ ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್ ಮೂಲಕ ದೆಹಲಿಗೆ ಬಸ್ಸುಗಳೇ ಬರುತ್ತಿದ್ದವು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಅದೇ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಆ ಹಾದಿ ಅಲ್ಲಿಗೆ ಮುರಿಯಿತು. ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ದಾಟುವ ದಾರಿಗೆ 2021ರ ಸೇನಾ ದಂಗೆ ಅಡ್ಡ ಬಂತು. 2025ರ ಏಪ್ರಿಲಿನಲ್ಲಿ ಅಟ್ಟಾರಿ ಗಡಿಠಾಣೆಯನ್ನು ಭಾರತ ಮುಚ್ಚಿತು. ಹೋಗುವಾಗ ತೆರೆದಿದ್ದ ಬಾಗಿಲು ಬರುವಾಗಲೂ ತೆರೆದಿರುತ್ತದೆಂಬ ಭರವಸೆ ಇಲ್ಲ.

ಹಡಗಿನಲ್ಲಿ ತರಬಹುದಲ್ಲ? ತರಬಹುದು. ಆದರೆ ಸಾಮಾನ್ಯ ಕಂಟೇನರಿನ ಬಾಗಿಲಿನ ಎತ್ತರ ಸುಮಾರು 2.28 ಮೀಟರ್. ಒಳಗೆ ನಿಂತು ಅಡುಗೆ ಮಾಡುವಷ್ಟು ಎತ್ತರದ ವ್ಯಾನು ಅದರಲ್ಲಿ ನುಗ್ಗದು. ಗಾಡಿಯನ್ನು ಓಡಿಸಿಕೊಂಡೇ ಹತ್ತಿಸುವಂಥ ಹಡಗನ್ನು ಹುಡುಕಬೇಕು.

ಮರಳುವ ಕಷ್ಟವನ್ನು ಮೈಸೂರಿನ ಡಿ. ಕೃಷ್ಣಕುಮಾರ್ ಚೆನ್ನಾಗಿ ಬಲ್ಲರು. ಅವರಲ್ಲಿ ವ್ಯಾನು ಇರಲಿಲ್ಲ. ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರ್ ಇತ್ತು. ಹತ್ತಿರದ ಬೇಲೂರು-ಹಳೇಬೀಡನ್ನೂ ನೋಡಿಲ್ಲವೆಂದ ತಾಯಿ ಚೂಡಾರತ್ನಮ್ಮನವರನ್ನು ಹಿಂದೆ ಕೂರಿಸಿಕೊಂಡು, ಕೆಲಸ ಬಿಟ್ಟು, 2018ರ ಜನವರಿಯಲ್ಲಿ ಹೊರಟರು. ದೇಶವನ್ನಷ್ಟೇ ಅಲ್ಲ, ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ತೋರಿಸಿದರು. 2020ರ ಲಾಕ್‌ಡೌನಿನಲ್ಲಿ ತಾಯಿ-ಮಗ ಭೂತಾನ್ ಗಡಿಯಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಸಿಕ್ಕಿಕೊಂಡರು. ಅನುಮತಿಪತ್ರ ಸಿಕ್ಕ ಮೇಲೆ ಸುಮಾರು 2,700 ಕಿ.ಮೀ. ದೂರವನ್ನು ಒಂದೇ ವಾರದಲ್ಲಿ ಕ್ರಮಿಸಿ ಮೈಸೂರು ಸೇರಿದರು. ಮಕ್ಕಳು ಲೆಕ್ಕ ಹಾಕಲಿ: ಗಂಟೆಗೆ 40 ಕಿ.ಮೀ. ವೇಗವಾದರೆ ದಿನಕ್ಕೆ ಒಂಬತ್ತೂವರೆ ಗಂಟೆಗೂ ಹೆಚ್ಚು ಸವಾರಿ. ಹಿಂದಿನ ಸೀಟಿನಲ್ಲಿದ್ದ ತಾಯಿಗೆ ಆಗ ಎಪ್ಪತ್ತರ ಆಸುಪಾಸು.

ಇಟ್ಟಮಡುವಿನ ವ್ಯಾನಿಗೂ ಕೊನೆಯ ಕಿಲೋಮೀಟರು ಸಲೀಸಲ್ಲ. ವರ್ತುಲ ರಸ್ತೆಯಿಂದ ಒಳಗೆ ತಿರುಗಿದರೆ ಎರಡೂ ಬದಿಗೆ ನಿಲ್ಲಿಸಿದ ಕಾರುಗಳು, ತಲೆಯ ಮೇಲೆ ಜೋತುಬಿದ್ದ ಕೇಬಲ್ಲುಗಳು. ಯಾರಾದರೂ ಇಳಿದು ಕೈ ತೋರಿಸಬೇಕು. ಮಡು ಎಂದರೆ ಹಳ್ಳ-ಹೊಳೆಗಳಲ್ಲಿ ನೀರು ಆಳವಾಗಿ ನಿಲ್ಲುವ ತಾಣ. ಇಂಥ ಹೆಸರಿನ ಊರಿಗೆ ಬಂದಿಳಿದವರು ತಿಂಗಳುಗಟ್ಟಲೆ ನೂರು ಲೀಟರಿನ ಟ್ಯಾಂಕನ್ನು ಎರಡು-ಮೂರು ದಿನ ಎಳೆದವರು. ನಗರದ ಮನೆಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಲೆಕ್ಕ. ಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಲು ಅವರ ಕೈಗೆ ಕೆಲವು ದಿನ ಬೇಕಾಗುತ್ತದೆ.