ಚೆಂಡೇ ಕಾಣದ ಫುಟ್ಬಾಲ್ ಆಟ ಮತ್ತು ನಮ್ಮ ಯುವ ಬಳಗ



ಈ ಸಲ ಸ್ವಲ್ಪ ಬೇರೆ ಥರದ ಬರಹ. ಒಂದು ಮೊಬೈಲ್ ಗೇಮ್ ಬಗ್ಗೆ. "ಯುವ ಬಳಗದ ಲೀಡರೇ ಗೇಮ್ ಆಡ್ತಾ ಕೂತರೆ ನಮ್ಮ ಹುಡುಗರ ಗತಿ ಏನಪ್ಪಾ" ಎಂದು ಅಮ್ಮಂದಿರು ಕೇಳಬಹುದು. ದಯವಿಟ್ಟು ಪೂರ್ತಿ ಓದಿ, ಬೈಯುವುದಿದ್ದರೆ ಆಮೇಲೆ ಬೈಯಿರಿ.

ನಮ್ಮ ಬಳಗದ ಇಂಟರ್ ಓದುವ ಒಬ್ಬ ಹುಡುಗ ಫುಟ್ಬಾಲ್ ಗೇಮ್ ಎಂದುಕೊಂಡು ಫೋನಿಗೆ ಏನನ್ನೋ ಇಳಿಸಿಕೊಂಡಿದ್ದ. ಎರಡೇ ನಿಮಿಷದಲ್ಲಿ ಬೇಸರಪಟ್ಟು ನನ್ನ ಹತ್ತಿರ ತಂದ. "ಅಣ್ಣಾ, ಇದ್ರಾಗೆ ಚೆಂಡೇ ಇಲ್ಲ ನೋಡು. ಬರೀ ಲೆಕ್ಕ ಐತಿ. ನೀನು ಬಿಎಸ್ಸಿ ಅಲ್ಲಾ, ನೀನೇ ಆಡು" ಅಂದ. ಅವನು ಹೇಳಿದ್ದು ನಿಜ. ಅದರಲ್ಲಿ ಮೈದಾನ ಇಲ್ಲ, ಓಡುವ ಆಟಗಾರರಿಲ್ಲ, ಬಣ್ಣವಿಲ್ಲ. ಹೆಸರುಗಳ ಪಟ್ಟಿ, ಹೆಸರಿನ ಮುಂದೆ ನೂರಕ್ಕೆ ಇಷ್ಟು ಎಂಬ ಅಂಕ, ಕೆಳಗೆ ಒಂದೆರಡು ಬಟನ್. ನಮ್ಮ ಮಾರ್ಕ್ಸ್ ಲಿಸ್ಟ್ ಇದ್ದ ಹಾಗೆ ಇತ್ತು.

ಅದು ಅಮೆರಿಕದ ಕಾಲೇಜ್ ಫುಟ್ಬಾಲಿನ ಮ್ಯಾನೇಜ್‌ಮೆಂಟ್ ಗೇಮ್. ಇದರಲ್ಲಿ ನಾವು ಆಟಗಾರರಲ್ಲ, ಕೋಚ್. ಯಾರನ್ನು ತಂಡಕ್ಕೆ ಕರೆಯಬೇಕು, ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ಹೇಳಿ ಬಟನ್ ಒತ್ತಿದರೆ ಆ ವಾರದ ಪಂದ್ಯ ತಾನೇ ಮುಗಿದು ಫಲಿತಾಂಶ ಬರುತ್ತದೆ.

ಮೊದಲು ಆ ಫುಟ್ಬಾಲನ್ನೇ ಕಲಿಯಬೇಕಾಯಿತು. ಕಾಲಿನ ಕೆಲಸ ಅದರಲ್ಲಿ ಬಹಳ ಕಡಿಮೆ. ಚೆಂಡು ಮೊಟ್ಟೆಯಂತೆ ಉದ್ದಕ್ಕಿದೆ. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಒಂದೊಂದು ಕಡೆ 11 ಜನ. ಮೈದಾನದ ಉದ್ದ 100 ಗಜ. ಚೆಂಡು ಸಿಕ್ಕ ತಂಡ ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಕಂಬಗಳ ನಡುವೆ ಒದ್ದು ಹಾಯಿಸಿದರೆ 3 ಅಂಕ. ನಮ್ಮ ಕಬಡ್ಡಿ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಎದುರಾಳಿಯ ಜಾಗವನ್ನು ಇಂಚಿಂಚಾಗಿ ಗೆಲ್ಲಬೇಕು, ಹಿಡಿದು ಕೆಡವಿದರೆ ಆ ಪ್ರಯತ್ನ ಅಲ್ಲಿಗೆ ಮುಗಿಯಿತು.

ಅಲ್ಲಿ ಈ ಆಟ ಹುಟ್ಟಿದ್ದೇ ಕಾಲೇಜುಗಳಲ್ಲಿ. 1869ರ ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ವಿದ್ಯಾರ್ಥಿಗಳು ಆಡಿದ್ದನ್ನು ಮೊದಲ ಪಂದ್ಯ ಎನ್ನುತ್ತಾರೆ. ರಟ್ಗರ್ಸ್ 6–4ರಿಂದ ಗೆದ್ದಿತು. ಅಂದು ಆಡಿದ ಆಟ ಈಗಿನದಕ್ಕಿಂತ ನಮ್ಮ ಫುಟ್ಬಾಲಿಗೇ ಹತ್ತಿರ. ಆಮೇಲೆ ಹೊಡೆದಾಟ ಹೆಚ್ಚಿ, ಮೈದಾನದಲ್ಲೇ ಹುಡುಗರು ಸಾಯುವ ಸ್ಥಿತಿ ಬಂತು. 1905ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಕಾಲೇಜಿನವರನ್ನು ಕರೆಸಿ ಮಾತಾಡಿದರು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಒಬ್ಬರ ಮೇಲೊಬ್ಬರು ಬಿದ್ದು ಜಗ್ಗಾಡುತ್ತಿದ್ದ ಆಟ ಹಾಗೆ ಮೈದಾನದ ತುಂಬ ಹರಡಿಕೊಂಡಿತು.

ಇವತ್ತು ಅದರ ಗಾತ್ರ ನಮಗೆ ಊಹೆಗೆ ಸಿಗುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ನಮ್ಮ ಆದೋನಿ ಪಟ್ಟಣದ ಜನಸಂಖ್ಯೆ 2011ರ ಜನಗಣತಿಯಲ್ಲಿ ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ. ಅಂದರೆ ಹತ್ತಿ ಮಾರ್ಕೆಟ್ಟು, ಕೋಟೆಯ ಕೆಳಗಿನ ಓಣಿಗಳು, ರೈಲ್ವೆ ಸ್ಟೇಷನ್ ಕಡೆಯವರು ಎಲ್ಲರೂ ಸೇರಿ ಊರಿನ ಅರ್ಧಕ್ಕಿಂತ ಹೆಚ್ಚು ಜನ ಒಂದು ಕಾಲೇಜಿನ ಸ್ಟೇಡಿಯಂನಲ್ಲಿ ಕೂತಂತೆ!

ಗೇಮಿನಲ್ಲಿ ನನಗೆ ಸಿಕ್ಕಿದ್ದು ಹೆಸರಿಲ್ಲದ ಸಣ್ಣ ಕಾಲೇಜು. ಸೀಸನ್‌ಗೆ 12 ಪಂದ್ಯ. ಮೊದಲ ಸೀಸನ್‌ನಲ್ಲಿ 3 ಗೆಲುವು, ಎರಡನೆಯದರಲ್ಲಿ 4. ಅಂಕದಲ್ಲಿ ನಮಗಿಂತ ಬಹಳ ಮೇಲಿದ್ದ ತಂಡವನ್ನು ಒಮ್ಮೆ ಸೋಲಿಸಿದೆವು. ಮುಂದಿನ ವಾರವೇ ನಮಗಿಂತ ಕೆಳಗಿದ್ದವರ ಕೈಯಲ್ಲಿ ಸೋತೆವು. ಲೆಕ್ಕ ಓದಿದವರಿಗೆ ಇದರಲ್ಲಿ ಗುಟ್ಟೇನೂ ಇಲ್ಲ. ಒಳಗಡೆ ಕಂಪ್ಯೂಟರ್ ಪ್ರತಿ ಸಲ ಕವಡೆ ಹಾಕುತ್ತದೆ. ಆಟಗಾರ ಒಳ್ಳೆಯವನಾದರೆ ಗರ ಒಳ್ಳೆಯದು ಬೀಳುವ ಸಂಭವ ಹೆಚ್ಚು, ಬಿದ್ದೇ ಬೀಳುತ್ತದೆ ಎಂದೇನಿಲ್ಲ. ಅಜ್ಜಿಯ ಜೊತೆ ಚೌಕಾಬಾರ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಚ್‌ನ ಕೈಯಲ್ಲಿರುವುದು ಸಂಭವವನ್ನು ಸ್ವಲ್ಪ ಹೆಚ್ಚಿಸುವ ಕೆಲಸ ಮಾತ್ರ. ಕವಡೆ ಅವನ ಕೈಯಲ್ಲಿಲ್ಲ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಗೆಲುವು ಸೋಲಲ್ಲ, ಸೀಸನ್ ಮುಗಿದ ಮೇಲೆ ಬರುವ ಒಂದು ಪಟ್ಟಿ: ಈ ವರ್ಷ ಯಾರು ಹೋಗುತ್ತಾರೆ ಎಂಬುದು.

ಕ್ಲಬ್ ಫುಟ್ಬಾಲಿನ ಗೇಮ್‌ಗಳಲ್ಲಿ ಒಳ್ಳೆಯ ಆಟಗಾರನನ್ನು ಹತ್ತು ವರ್ಷ ಇಟ್ಟುಕೊಳ್ಳಬಹುದು. ಇಲ್ಲಿ ಹಾಗಿಲ್ಲ. ಇದು ಕಾಲೇಜು. ಹುಡುಗ ಬರುತ್ತಾನೆ, ನಾಲ್ಕು ಸೀಸನ್ ಆಡುತ್ತಾನೆ, ಓದು ಮುಗಿಸಿ ಹೋಗುತ್ತಾನೆ. ನನ್ನ ತಂಡದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಒಬ್ಬ ಬಂದಾಗ ಅವನ ಅಂಕ 58. ವರ್ಷ ವರ್ಷ ಏರುತ್ತಾ ನಾಲ್ಕನೆಯ ವರ್ಷಕ್ಕೆ 81 ಆಯಿತು. ಆ ಸೀಸನ್‌ನಲ್ಲಿ 8 ಪಂದ್ಯ ಗೆದ್ದೆವು. ಮರುದಿನ ಫೋನ್ ತೆಗೆದರೆ ಅವನ ಹೆಸರು "ಹೋಗುವವರು" ಪಟ್ಟಿಯಲ್ಲಿ. ಕಂಪ್ಯೂಟರ್ ಕಟ್ಟಿದ ಹೆಸರು, ಮುಖವೂ ಇಲ್ಲ, ಆದರೂ ಹೊಟ್ಟೆಯೊಳಗೆ ಸಂಕಟ ಆಯಿತು. ಅವನ ಹಿಂದೆ ಯಾರಿದ್ದಾರೆ ಎಂದು ನೋಡಿದರೆ 55 ಅಂಕದ ಹೊಸ ಹುಡುಗ.

ಆಗ ನನಗೆ ನೆನಪಾಗಿದ್ದು ನಮ್ಮ ಯುವ ಬಳಗ. ನಮ್ಮಲ್ಲೂ ಇದೇ ಅಲ್ಲವೇ? ಹತ್ತನೇ ತರಗತಿಯಲ್ಲಿ ನಾಚಿಕೊಂಡು ಬಾಗಿಲ ಹತ್ತಿರ ನಿಲ್ಲುವ ಹುಡುಗಿ ಮೂರು ವರ್ಷದಲ್ಲಿ ಗಾಯನ ತಂಡ ನಡೆಸುವಷ್ಟು ಬೆಳೆಯುತ್ತಾಳೆ. ಅಷ್ಟರಲ್ಲಿ ನರ್ಸಿಂಗ್ ಓದಲು ಕರ್ನೂಲಿಗೋ ಬಳ್ಳಾರಿಗೋ ಹೊರಡುತ್ತಾಳೆ. ಕ್ರಿಸ್ಮಸ್ ಗೋದಲಿಯ ಪೂರ್ತಿ ಜವಾಬ್ದಾರಿ ಹೊತ್ತ ಹುಡುಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋಗುತ್ತಾನೆ. ಪ್ರತಿ ಜೂನ್‌ನಲ್ಲಿ ನಮ್ಮ ಬಳಗ ಮತ್ತೆ ಹೊಸದು. "ಆಗಿನ ಬ್ಯಾಚ್ ಚೆನ್ನಾಗಿತ್ತು" ಎಂದು ಹಿರಿಯರು ಹೇಳುತ್ತಲೇ ಇರುತ್ತಾರೆ. ಆ ಬ್ಯಾಚೂ ಒಂದು ಕಾಲಕ್ಕೆ 55 ಅಂಕದ ಹೊಸ ಹುಡುಗರೇ ಆಗಿದ್ದರು.

ಇನ್ನು ಎರಡನೆಯ ಮಾತು. ಕಾಲೇಜ್ ಫುಟ್ಬಾಲಿನಲ್ಲಿ "ರೆಡ್‌ಶರ್ಟ್" ಎಂಬ ಪದ್ಧತಿ ಇದೆ. ಆಟಗಾರನಿಗೆ ಐದು ವರ್ಷದೊಳಗೆ ನಾಲ್ಕು ಸೀಸನ್ ಆಡುವ ಅವಕಾಶ. ಹಾಗಾಗಿ ಇನ್ನೂ ಬಲಿಯದ ಹುಡುಗನನ್ನು, ಅಥವಾ ಗಾಯಗೊಂಡವನನ್ನು, ಒಂದು ವರ್ಷ ಪಂದ್ಯಕ್ಕೆ ಇಳಿಸುವುದಿಲ್ಲ. ಅವನು ತಂಡದಲ್ಲೇ ಇರುತ್ತಾನೆ, ಅಭ್ಯಾಸ ಮಾಡುತ್ತಾನೆ, ಓದುತ್ತಾನೆ. ಆ ವರ್ಷ ಅವನ ಲೆಕ್ಕಕ್ಕೆ ಬರುವುದಿಲ್ಲ. 2018ರಿಂದ ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ವರ್ಷ ಉಳಿಯುತ್ತದೆ. ಹಿಂದೆ ಬಿದ್ದವನಿಗೆ ವರ್ಷವನ್ನು ವಾಪಸ್ಸು ಕೊಡುವ ನಿಯಮ! ಇದನ್ನು ಓದಿ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಯಾಕೆಂದರೆ ನಮ್ಮ ಕಡೆ ವರ್ಷ ಕಳೆದುಕೊಳ್ಳುವ ಮಕ್ಕಳು ಎಷ್ಟೋ ಜನ. ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರು ಕಡೆಯ ಮಳೆ ನಂಬಿದ ಭೂಮಿ ನಿಮಗೆಲ್ಲ ಗೊತ್ತು. ಹತ್ತಿ ಕೈಕೊಟ್ಟರೆ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತಾರೆ. "ಸುಗ್ಗಿಗೆ ಹೋಗ್ಯಾರೆ" ಎನ್ನುತ್ತೇವೆ. ಸುಗ್ಗಿ ಎಂದರೆ ಸಂಭ್ರಮ ಇರಬೇಕಾಗಿತ್ತು, ನಮ್ಮಲ್ಲಿ ಅದು ಬೀಗ ಹಾಕಿದ ಮನೆಗಳ ಹೆಸರು. ವಾಪಸ್ಸು ಬರುವ ಹೊತ್ತಿಗೆ ಮಾರ್ಚ್ ಪರೀಕ್ಷೆ ಮುಗಿದಿರುತ್ತದೆ.

ನಮ್ಮ ಬಳಗದ ಒಬ್ಬ ಹುಡುಗನಿಗೂ ಹೀಗೇ ಆಯಿತು. ಹತ್ತನೇ ತರಗತಿಯ ವರ್ಷವೇ ಅಪ್ಪ ಅಮ್ಮನ ಜೊತೆ ಹೋಗಬೇಕಾಯಿತು. ಮನೆಗೆ ದುಡಿಯುವ ಕೈ ಬೇಕಿತ್ತು, ಅದರಲ್ಲಿ ಯಾರ ತಪ್ಪನ್ನು ಹುಡುಕುವುದು? ತಿರುಗಿ ಬಂದ ಮೇಲೆ ಅವನು ವಾಲಿಬಾಲ್ ಆಡಲೂ ಬರಲಿಲ್ಲ, ಭಾನುವಾರ ಪೂಜೆ ಮುಗಿದ ತಕ್ಷಣ ಹಿಂದಿನ ಬಾಗಿಲಿಂದ ಹೊರಟುಬಿಡುತ್ತಿದ್ದ. ಅವನ ಜೊತೆಯವರು ಇಂಟರ್‌ಗೆ ಸೇರಿದ್ದರು. ನಾನು ಮನೆಗೆ ಹೋದಾಗ, "ನಂದು ಮುಗೀತಣ್ಣ. ಇನ್ನೇನು ಗಾರೆ ಕೆಲಸಕ್ಕೆ ಹೋಗೋದು" ಅಂದ. ಆಗ ಅವನಿಗೆ 16 ವರ್ಷ.

ನಾನು ಅವನಿಗೆ ಉಪದೇಶ ಮಾಡಲಿಲ್ಲ. ಫೋನ್ ತೆಗೆದು ನನ್ನ ತಂಡ ತೋರಿಸಿದೆ. ಒಬ್ಬ ಆಟಗಾರನ ಹೆಸರಿನ ಪಕ್ಕ ರೆಡ್‌ಶರ್ಟ್ ಗುರುತು ಇತ್ತು. ಮೊದಲ ವರ್ಷ ಕೂತವನು, ಈಗ ತಂಡದ ಅತ್ಯುತ್ತಮ ಆಟಗಾರ. "ಇವನ ವರ್ಷ ಹೋಗಿಲ್ಲ, ಉಳಿದಿದೆ" ಎಂದೆ. ಪೂರಕ ಪರೀಕ್ಷೆ ಇದೆ, ಓಪನ್ ಸ್ಕೂಲ್ ಇದೆ ಎಂದೂ ಹೇಳಿದೆ. ಅವನು ಏನೂ ಹೇಳದೆ ಪಟ್ಟಿಯನ್ನು ಮೇಲೆ ಕೆಳಗೆ ಎಳೆದು ನೋಡುತ್ತಾ ಕೂತ. ಒಂದು ವಾರ ಬಿಟ್ಟು, ಗಣಿತದ ಪುಸ್ತಕ ಇದೆಯಾ ಎಂದು ಕೇಳಿಕೊಂಡು ಬಂದ. ಈಗ ಓಪನ್ ಸ್ಕೂಲ್‌ನಲ್ಲಿ ಓದುತ್ತಿದ್ದಾನೆ. ಬಳಗದ ಚಿಕ್ಕವರು ಅವನನ್ನು "ರೆಡ್‌ಶರ್ಟ್ ಅಣ್ಣ" ಎಂದು ಕರೆಯುತ್ತಾರೆ. ಅವನೂ ನಗುತ್ತಾನೆ. ಪಾಸಾಗುತ್ತಾನೋ ಇಲ್ಲವೋ ನೋಡಬೇಕು. ಗಣಿತ ಇನ್ನೂ ಕಷ್ಟವೇ ಇದೆ.

ಹಾಗೆಂದು ಈ ಆಟ ಎಲ್ಲದರಲ್ಲೂ ನಮಗೆ ಗುರು ಎಂದು ನಾನು ಹೇಳುವುದಿಲ್ಲ. ಗೇಮಿನ ಹುಡುಗನಿಗೆ ಅಪ್ಪನ ಸಾಲ ಇಲ್ಲ, ಜ್ವರ ಬಂದ ತಂಗಿ ಇಲ್ಲ. ಅವನ ಅಂಕ ಅವನ ಹೆಸರಿನ ಮುಂದೆ ಎಲ್ಲರಿಗೂ ಕಾಣುತ್ತದೆ. ಅಂಕ ಕಡಿಮೆ ಇದ್ದರೆ ಕರೆಯುವುದೇ ಇಲ್ಲ. ನಿಜವಾದ ಕಾಲೇಜ್ ಫುಟ್ಬಾಲೂ ಈಗ ದುಡ್ಡಿನ ಕಡೆ ವಾಲಿದೆ. 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಲು ಕೊಟ್ಟು ಹಣ ಪಡೆಯಬಹುದು. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಒಪ್ಪಿದ ಒಪ್ಪಂದದಂತೆ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಹೆಚ್ಚು ಸಿಗುವ ಕಡೆ ಆಟಗಾರರು ಹೋಗುತ್ತಿದ್ದಾರೆ. ಅವರನ್ನು ನಾವು ದೂರುವುದು ಸರಿಯಲ್ಲ. ಎಷ್ಟೋ ವರ್ಷ ಅವರ ಬೆವರಿನಿಂದ ಬೇರೆಯವರು ಗಳಿಸಿದರು. ಆದರೆ ಯುವ ಬಳಗ ನಡೆಯಬೇಕಾದ ರೀತಿ ಬೇರೆ. ನಮ್ಮಲ್ಲಿ ಅಂಕ ನೋಡಿ ಕರೆಯುವಂತಿಲ್ಲ. ಬಾಗಿಲ ಹತ್ತಿರ ನಿಂತವರನ್ನೇ ಮೊದಲು ಕರೆಯಬೇಕು.

ಒಂದು ಸ್ವಾರಸ್ಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಪಂದ್ಯದ ಕೊನೆಯ ಗಳಿಗೆಯಲ್ಲಿ, ಬೇರೆ ದಾರಿಯೇ ಇಲ್ಲದಾಗ, ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಆದಷ್ಟು ದೂರ ಎಸೆಯುತ್ತಾನೆ. ತಮ್ಮವರ ಕೈಗೆ ಸಿಕ್ಕರೆ ಸಿಕ್ಕಿತು. ಆ ಎಸೆತದ ಹೆಸರು "ಹೇಲ್ ಮೇರಿ", ಅಂದರೆ ನಮ್ಮ "ನಮೋ ಮರಿಯಾ"! ಗೇಮಿನಲ್ಲಿ ಇದನ್ನು ನೋಡಿ ನಾನು ಕಣ್ಣುಜ್ಜಿಕೊಂಡೆ. 1975ರ ಡಿಸೆಂಬರ್ 28ರಂದು ಡಲ್ಲಾಸ್ ತಂಡದ ರೋಜರ್ ಸ್ಟಾಬಾಕ್ ಎಂಬ ಕಥೋಲಿಕ ಆಟಗಾರ ಮಿನ್ನೆಸೋಟ ತಂಡದ ವಿರುದ್ಧ ಹೀಗೆ ಎಸೆದು ಗೆದ್ದ. ಎಸೆಯುವಾಗ ಕಣ್ಣು ಮುಚ್ಚಿ ನಮೋ ಮರಿಯಾ ಹೇಳಿದೆ ಎಂದು ಆಮೇಲೆ ಪತ್ರಕರ್ತರಿಗೆ ತಿಳಿಸಿದ. ಅಂದಿನಿಂದ ಆ ಹೆಸರು ಎಲ್ಲರ ಬಾಯಲ್ಲಿ ನಿಂತಿತು. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಜಪಮಾಲೆ ಹುಡುಕುವ ನಮ್ಮ ಹುಡುಗರಿಗೆ ಈ ಕಥೆ ಹೇಳಿದರೆ, "ಹಂಗಾದ್ರೆ ನಾವೂ ಹೇಲ್ ಮೇರಿ ಟೀಮೇ ಅಣ್ಣಾ" ಅಂದರು. ಆದರೆ ಒಂದು ಮಾತು ನೆನಪಿಡಿ. ಸ್ಟಾಬಾಕ್ ಆ ಒಂದು ಎಸೆತಕ್ಕೆ ಮೊದಲು ವರ್ಷಗಟ್ಟಲೆ ಎಸೆದು ಎಸೆದು ಕೈ ಪಳಗಿಸಿಕೊಂಡವನು.

ಈ ಗೇಮ್ ನೋಡಿದ ಮೇಲೆ ನಮ್ಮ ಬಳಗದಲ್ಲಿ ಮೂರು ಕೆಲಸ ಶುರು ಮಾಡಿದ್ದೇವೆ. ಒಂದು, ಪ್ರತಿ ಜವಾಬ್ದಾರಿಗೂ ಇಬ್ಬರು: ಮಾಡುವವರು ಒಬ್ಬರು, ಅವರ ಪಕ್ಕದಲ್ಲಿ ನಿಂತು ಕಲಿಯುವ ಚಿಕ್ಕವರು ಒಬ್ಬರು. ಕೀಬೋರ್ಡ್, ವಾಚನ, ಹಬ್ಬದ ಲೆಕ್ಕಪತ್ರ, ಎಲ್ಲಕ್ಕೂ ಹೀಗೇ. ಎರಡು, ಸುಗ್ಗಿಗೆ ಹೋಗುವ ಮನೆಗಳ ಮಕ್ಕಳ ಹೆಸರು ಮೊದಲೇ ಬರೆದುಕೊಂಡು, ಅಜ್ಜಿ ತಾತನ ಹತ್ತಿರ ಉಳಿಯುವವರಿಗೆ ಸಂಜೆ ಪಾಠ. ಮೂರು, ಹೋದವರಿಗೆ ವಾರಕ್ಕೊಂದು ಫೋನ್. ಅವರು ಬಳಗ ಬಿಟ್ಟು ಹೋದವರಲ್ಲ, ಈ ಸೀಸನ್ ಹೊರಗೆ ಇರುವವರು.

ಸಂಜೆ ಪಾಠಕ್ಕೆ ಗಣಿತ, ಇಂಗ್ಲಿಷ್ ಹೇಳಿಕೊಡುವವರು ಇನ್ನೂ ಇಬ್ಬರು ಬೇಕು. ಡಿಗ್ರಿ ಮುಗಿಸಿ ಮನೆಯಲ್ಲಿರುವ ಅಕ್ಕಂದಿರು, ಅಣ್ಣಂದಿರು ಭಾನುವಾರ ಪೂಜೆಯಾದ ಮೇಲೆ ನನ್ನನ್ನು ಕಾಣಿರಿ. ಫುಟ್ಬಾಲ್ ಗೊತ್ತಿರಬೇಕಾಗಿಲ್ಲ.