ಭೀಮಾ ದಂಡಿಗುಂಟ ಒಂದು ಸುತ್ತು

ನಮ್ಮೂರು ಮಣ್ಣೂರ. ಅಫಜಲಪುರ ತಾಲ್ಲೂಕು, ಭೀಮಾ ದಂಡಿ, ಆಚೆ ದಂಡಿಗೆ ವಿಜಯಪುರ ಜಿಲ್ಲೆ. ಯಲ್ಲಮ್ಮನ ಗುಡಿ ಅದ, ಮಾಧವತೀರ್ಥರ ಬೃಂದಾವನ ಅದ. ಬಂದವರು ಕಾಯಿ ಒಡಿಸ್ಕೊಂಡು ಸಂಜೆ ಬಸ್ಸಿಗೇ ವಾಪಸ್. ರಾತ್ರಿ ಯಾರೂ ನಿಲ್ಲಲ್ಲ.

ನಾವು ಒಂದಿಷ್ಟು ಹುಡುಗ-ಹುಡುಗಿಯರು, ಬೆಂಗಳೂರು-ಪುಣೆಯಲ್ಲಿ ಲ್ಯಾಪ್‌ಟಾಪ್ ಕುಟ್ಟೋರು, ವಾಟ್ಸಾಪ್ ಗ್ರೂಪಿನಲ್ಲಿ ಒಂದು ದಾರಿ ಬರೆದಿದ್ದೀವಿ. ಮಣ್ಣೂರಿನಿಂದ ಹೊರಟು ಸೊನ್ನ ಬ್ಯಾರೇಜು, ಘತ್ತರಗಿ ಭಾಗ್ಯವಂತಿ, ಭೀಮಾ-ಅಮರ್ಜಾ ಕೂಡುವ ಗಾಣಗಾಪುರ. ಬರುವಾಗ ಹೊಲದ ದಾರಿ ಹಿಡಿದು ಅಫಜಲಪುರದ ಮೇಲೆ ಮತ್ತೆ ಮಣ್ಣೂರ. ಆರಾಮಾಗಿ ನಡೆದರೆ ಐದಾರು ದಿನ.

ನಡೆಯೋದು ನಮ್ಮ ಕಡೆ ಹೊಸದಲ್ಲ. ಪಂಢರಪುರದ ವಾರಿಗೆ ಹೋಗ್ತಾರೆ, ಘತ್ತರಗಿಗೆ ಪಾದಯಾತ್ರೆ ಮಾಡ್ತಾರೆ. ನರ್ಮದಾ ಪರಿಕ್ರಮ ನಿಮಗೂ ಗೊತ್ತು. ಜಪಾನಿನ ಶಿಕೋಕು ದ್ವೀಪದಲ್ಲಿ 88 ಗುಡಿಗಳ ಸುತ್ತು, ಸುಮಾರು 1,200 ಕಿಲೋಮೀಟರ್. ಅಲ್ಲಿ ನಡೆಯುವವರಿಗೆ ಊರವರೇ ಹಣ್ಣು, ಚಹಾ ಕೊಡ್ತಾರಂತೆ. ಗಾಣಗಾಪುರದ ಮಧುಕರಿ ನೋಡಿದವರಿಗೆ ಇದೇನು ದೊಡ್ಡದು ಅನಿಸಲ್ಲ, ಬಿಡಿ.

ಗ್ರೂಪಿನಲ್ಲಿ ಲೋಗೋ ಬಗ್ಗೆ ಮೂರು ದಿನ ಚರ್ಚೆ ಆಯ್ತು. ಊರಿಗೆ ಹೋಗಿ ಹೇಳಿದಾಗ ನಮ್ಮ ಕಾಕು ಕೇಳಿದ್ದು ಒಂದೇ ಮಾತು: "ಹೆಣ್ಮಕ್ಕಳು ನಡಕೋತ ಬಂದ್ರ, ನಡುದಾರ್ಯಾಗ ಎಲ್ಲಿ ಕೂಡ್ತಾರ ಯವ್ವಾ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಈಗ ನಮ್ಮ ಪಟ್ಟಿಯಲ್ಲಿ ಮೊದಲು ಪಾಯಖಾನೆ, ಆಮೇಲೆ ಕುಡಿಯೋ ನೀರು, ನೆರಳು. ಬೋರ್ಡು, ಲೋಗೋ ಎಲ್ಲಾ ಕಡೆಗೆ.

ಕಾಲವೂ ನಮ್ಮ ಕೈಯಲ್ಲಿಲ್ಲ. ಬ್ಯಾಸಗಿಯಲ್ಲಿ 42 ಡಿಗ್ರಿ. ಮಳೆಗಾಲದಲ್ಲಿ ಎರಿಮಣ್ಣು ಚಪ್ಪಲಿಯನ್ನೇ ಕಿತ್ಕೊಳ್ಳುತ್ತೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ದಂಡಿ ಊರುಗಳಿಗೆಲ್ಲ ನೀರು ನುಗ್ಗಿತ್ತು, ಹಾಗಾಗಿ ದಾರಿ ಹೊಳಿಗೆ ತೀರಾ ಹತ್ತಿರ ಇರಬಾರದು. ಉಳಿಯೋದು ನವೆಂಬರಿನಿಂದ ಫೆಬ್ರುವರಿ. ತೊಗರಿ ರಾಶಿ, ಎಳ್ಳಮಾಸಿ ಚರಗ, ಸಜ್ಜಿ ರೊಟ್ಟಿ, ಭಜ್ಜಿ, ಆಮೇಲೆ ಸೀತನಿ. ರೆಸಾರ್ಟಿನವರು ಇದನ್ನು ಎಲ್ಲಿಂದ ತರ್ತಾರೆ?

ಕಾಕು ಒಬ್ಬಳೇ ಇರ್ತಾಳೆ, ಮಗ ಪುಣೆಯಲ್ಲಿ. ತೊಗರಿ ಮಾರಿದ ರೊಕ್ಕ ಹಾಕಿ "ಎರಡು ರೂಮ್ ಕಟ್ಟಸ್ಲೇನು?" ಅಂತ ಕೇಳಿದಳು. ಬ್ಯಾಡ ಅಂದೆ. ನಾಲ್ಕು ತಿಂಗಳ ಮಂದಿಯನ್ನು ನಂಬಿ ವರ್ಷದ ರೊಕ್ಕ ಹಾಕಬಾರದು. ಪಡಸಾಲಿ ಅದ, ಎರಡು ಕೌದಿ ಅದಾವ. ಪಾಯಖಾನೆ ರಿಪೇರಿ ಮಾಡಿಸು, ಊಟಕ್ಕೆ ಇಷ್ಟು ಅಂತ ರೇಟು ಹೇಳು, ಮೊದಲ ವರ್ಷ ಸಾಕು.

ರೇಟಿನ ಮಾತಿಗೆ ಕಾಕು ಇನ್ನೂ ಒಪ್ಪಿಲ್ಲ. "ನಡಕೋತ ಬಂದವರ ಹತ್ರ ರೊಟ್ಟಿಗೆ ರೊಕ್ಕ ಹ್ಯಾಂಗ ಕೇಳ್ಲಿ?" ಅಂತಾಳೆ. ಡಿಸೆಂಬರಿನಲ್ಲಿ ಮೊದಲ ಸುತ್ತಿಗೆ ನಾವು ಎಂಟು ಮಂದಿ ಹೊರಡ್ತಿದ್ದೀವಿ. ಅಷ್ಟರೊಳಗೆ ಒಪ್ಪಿಸಬೇಕು.