ಕಲ್ಲಿನ ಮೇಲಿನ ಹೆಜ್ಜೆ, ಪೇಪರಿನಲ್ಲಿ ಬಾರದ ಹೆಸರು

ಹೋದ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನ ಒಂದು ಹಳ್ಳಿಯಿಂದ ಫೋನ್ ಬಂತು. ಕೆರೆ ಏರಿ ಕೆಳಗೆ ಬಟ್ಟೆ ಒಗೆಯುವ ಕಲ್ಲೊಂದಿದೆ, ಮಗುಚಿದರೆ ಅಡಿಯಲ್ಲಿ ಕತ್ತಿ ಹಿಡಿದ ಮನುಷ್ಯ ಇದ್ದಾನೆ, ಅಕ್ಷರಾನೂ ಇದೆ ಎಂದರು. ಫೋನ್ ಮಾಡಿದ್ದು ಒಬ್ಬ ಹುಡುಗ. ಮಾಡಿಸಿದ್ದು ಅವನ ಅಜ್ಜಿ. ನರೇಗಾದಲ್ಲಿ ಹೂಳೆತ್ತಲು ಹೋಗಿದ್ದಾಗ ಆ ಕಲ್ಲನ್ನು ಗುರುತಿಸಿ, ಜೆಸಿಬಿಯವನಿಗೆ ‘ತಡಿಯಪ್ಪಾ’ ಎಂದು ಕೈ ಅಡ್ಡ ಹಿಡಿದವರು ಅವರೇ.

ನಾವು ಹೋದೆವು, ಫೋಟೊ ತೆಗೆದೆವು. ಶಾಸನ ಓದುವ ನಿವೃತ್ತ ಮೇಷ್ಟ್ರೊಬ್ಬರನ್ನು ಕರೆದೆವು. ಅವರು ಮಧ್ಯಾಹ್ನ ಬರಲು ಒಪ್ಪಲಿಲ್ಲ. “ನಡು ಮಧ್ಯಾಹ್ನ ಬಂದ್ರೆ ಕಲ್ಲು ಬಾಯಿ ಬಿಡಲ್ಲ. ಬಿಸಿಲು ಅಡ್ಡ ಬೀಳ್ಬೇಕು. ಆಗ ತಗ್ಗೊಳಗೆ ನೆರಳು ಕೂತು ಅಕ್ಷರ ಎದ್ದು ಕಾಣ್ತವೆ” ಎಂದರು. ಸಂಜೆ ಐದರವರೆಗೆ ಏರಿ ಮೇಲೆ ಕೂತು ಕಾದೆವು. ಆಗಲೇ ಅವರು ಮಾತಿನ ನಡುವೆ ಹೇಳಿದ್ದು: “ಅಮೆರಿಕದಲ್ಲೊಬ್ಬ ಪ್ರೊಫೆಸರ್ ಇದ್ದ. ಜೀವಮಾನದ ಅರ್ಧ ಕಲ್ಲಿನ ಮೇಲಿನ ಹೆಜ್ಜೆ ಗುರುತು ನೋಡೋದ್ರಲ್ಲೇ ಕಳೆದ. ಹಿಚ್ಕಾಕ್ ಅಂತ.” ಹೆಸರನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದುಕೊಂಡೆವು.

ಮೂರನೇ ದಿನ ಸುದ್ದಿ ಬಂತು. ಅಪರೂಪದ ವೀರಗಲ್ಲು ಪತ್ತೆ. ಮೇಷ್ಟ್ರ ಹೆಸರಿತ್ತು, ಫೋಟೊ ಇತ್ತು. ನಮ್ಮ ಹೆಸರು ಇರಲಿಲ್ಲ. ನಾವು ಬಿಡಿ ವರದಿಗಾರರು. ಹೆಸರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೂ ಆ ದಿನವೆಲ್ಲ ಒಳಗೊಳಗೇ ಉರಿಯಿತು. ಬಿಸಿಲಲ್ಲಿ ನಲವತ್ತು ಕಿಲೋಮೀಟರ್ ಬೈಕ್ ಓಡಿಸಿದವರು ನಾವಲ್ಲವೇ?

ವಾರ ಬಿಟ್ಟು ಅದೇ ಊರಿಗೆ ಹೋದಾಗ ಹೋಟೆಲ್ ಮುಂದೆ ಅಜ್ಜಿ ಸಿಕ್ಕರು. “ಪೇಪರ್ ಓದಿಸ್ದೆ ಕಣಪ್ಪಾ. ಚೆನ್ನಾಗ್ ಬರ್ದಿದ್ದೀಯ. ಅದ್ರಾಗೆ ನಾನೆಲ್ಲಿದ್ದೀನಿ?”

ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಹುಡುಕಿದ್ದು ಸಿಗಲಿಲ್ಲ ಎಂಬಂತೆ ಕೇಳಿದರು, ಅಷ್ಟೆ. ನಾವೇ ಬರೆದ ಸಾಲು ನೆನಪಾಯಿತು: ‘ಕಾರ್ಮಿಕರು ಹೂಳೆತ್ತುವಾಗ ಪತ್ತೆಯಾದ ಈ ಶಿಲ್ಪ...’ ಅಜ್ಜಿ ಇದ್ದದ್ದು ಆ ‘ಕಾರ್ಮಿಕರು’ ಎಂಬ ಪದದ ಒಳಗೆ. ಡೆಸ್ಕಿನವರು ಅವರ ಹೆಸರನ್ನು ತೆಗೆದಿರಲಿಲ್ಲ. ನಾವು ಬರೆದೇ ಇರಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರದೆ ಮೊಬೈಲ್ ಹಿಡಿದು ಆ ಹಿಚ್ಕಾಕ್ ಯಾರೆಂದು ಹುಡುಕಿದೆವು. ಓದುತ್ತಾ ಹೋದಂತೆ ಅಲ್ಲೂ ಇದೇ ಜಗಳ ಕಂಡಿತು.

ಎಡ್ವರ್ಡ್ ಹಿಚ್ಕಾಕ್ ಹುಟ್ಟಿದ್ದು 1793ರಲ್ಲಿ, ಅಮೆರಿಕದ ಈಶಾನ್ಯ ಭಾಗದ ಮ್ಯಾಸಚೂಸೆಟ್ಸ್ ರಾಜ್ಯದ ಡೀರ್‌ಫೀಲ್ಡ್ ಎಂಬ ಊರಿನಲ್ಲಿ. ಅಪ್ಪ ಟೋಪಿ ಮಾಡಿ ಬದುಕುತ್ತಿದ್ದವರು. ಮನೆಯಲ್ಲಿ ಬಡತನ. ಹುಡುಗ ಹೊಲದ ಕೆಲಸ ಮಾಡುತ್ತಲೇ ಓದಿದ. ಕಾಯಿಲೆಯಿಂದ ಕಣ್ಣು ಮಂದವಾಗಿ ಕಾಲೇಜಿನ ಆಸೆ ಕೈಬಿಡಬೇಕಾಯಿತು. ಮೇಷ್ಟ್ರಾದರು, ಚರ್ಚಿನಲ್ಲಿ ಪಾದ್ರಿಯಾದರು. 1825ರಲ್ಲಿ ಆಮ್‌ಹರ್ಸ್ಟ್ ಕಾಲೇಜಿಗೆ ಪ್ರೊಫೆಸರ್ ಆಗಿ ಸೇರಿ ರಸಾಯನಶಾಸ್ತ್ರ, ಭೂವಿಜ್ಞಾನ ಕಲಿಸಿದರು. 1845ರಿಂದ 1854ರವರೆಗೆ ಅದೇ ಕಾಲೇಜಿನ ಅಧ್ಯಕ್ಷರೂ ಆಗಿದ್ದರು.

ಆ ಸೀಮೆಯಲ್ಲಿ ಕನೆಕ್ಟಿಕಟ್ ಎಂಬ ನದಿ ಹರಿಯುತ್ತದೆ. ಅದರ ಕಣಿವೆ ತುಂಬ ಕೆಂಪು, ಕಂದು ಬಣ್ಣದ ಮರಳುಗಲ್ಲಿನ ಪದರಗಳು. 1802ರಲ್ಲಿ ಸೌತ್ ಹ್ಯಾಡ್ಲಿ ಎಂಬಲ್ಲಿ ಪ್ಲೈನಿ ಮೂಡಿ ಎಂಬ ರೈತರ ಮನೆಯ ಹುಡುಗ ಅಪ್ಪನ ಹೊಲ ಉಳುತ್ತಿದ್ದ. ನೇಗಿಲಿಗೆ ಒಂದು ಚಪ್ಪಡಿ ಸಿಕ್ಕಿತು. ಅದರ ಮೇಲೆ ಮೂರು ಬೆರಳಿನ ಹೆಜ್ಜೆಗಳು ಸಾಲಾಗಿ ಇದ್ದವು, ಕೋಳಿ ನಡೆದುಹೋದ ಹಾಗೆ. ಮನೆಯವರು ಅದನ್ನು ತಂದು ಬಾಗಿಲ ಮುಂದಿನ ಮೆಟ್ಟಿಲಿಗೆ ಹಾಕಿಕೊಂಡರು. ಬೈಬಲ್ಲಿನ ಪ್ರಳಯದ ಕತೆಯಲ್ಲಿ ನೋವಾ ತನ್ನ ಹಡಗಿನಿಂದ ಒಂದು ಕಾಗೆಯನ್ನು ಹೊರಗೆ ಬಿಡುತ್ತಾನೆ. ಇದು ಆ ಕಾಗೆಯ ಹೆಜ್ಜೆಯೇ ಇರಬೇಕು ಎಂದು ಆ ಕಡೆಯ ಜನ ತಮಾಷೆ ಮಾಡುತ್ತಿದ್ದರು.

ನಮ್ಮಲ್ಲಿ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಯಿತು. ಅಲ್ಲಿ ಆ ಚಪ್ಪಡಿ ಮೆಟ್ಟಿಲಾಯಿತು.

ಮೂವತ್ತಮೂರು ವರ್ಷ ಕಳೆಯಿತು. 1835ರಲ್ಲಿ ಗ್ರೀನ್‌ಫೀಲ್ಡ್ ಎಂಬ ಊರಿನಲ್ಲಿ ಫುಟ್‌ಪಾತಿಗೆ ಹಾಸುಗಲ್ಲು ಹಾಕುವ ಕೆಲಸ ನಡೆಯುತ್ತಿತ್ತು. ಡೆಕ್ಸ್‌ಟರ್ ಮಾರ್ಷ್ ಎಂಬ ಕೂಲಿಯಾಳು ಕಲ್ಲು ಹಾಸುತ್ತಾ ಅದರ ಮೇಲಿನ ಹೆಜ್ಜೆ ಗುರುತು ಕಂಡರು. ಟರ್ಕಿ ಕೋಳಿ ನಡೆದ ಹಾಗಿತ್ತು. ಸುದ್ದಿ ಅದೇ ಊರಿನ ವೈದ್ಯ ಜೇಮ್ಸ್ ಡೀನ್ ಅವರನ್ನು ಮುಟ್ಟಿತು. ಡೀನ್ ಸುಮ್ಮನೆ ಕೂರಲಿಲ್ಲ. ಸುಮಾರು 30 ಕಿ.ಮೀ. ದೂರದ ಆಮ್‌ಹರ್ಸ್ಟಿನಲ್ಲಿದ್ದ ಹಿಚ್ಕಾಕ್ ಅವರಿಗೆ ಪತ್ರ ಬರೆದರು.

ಪ್ರೊಫೆಸರ್ ಮೊದಲು ನಂಬಲಿಲ್ಲ. ಕಲ್ಲಿನ ಮೇಲೆ ಎಷ್ಟೋ ಬಗೆಯ ಗುರುತು ತಾನಾಗಿಯೇ ಮೂಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಡೀನ್ ಬಿಡದೆ ಆ ಗುರುತಿನ ಅಚ್ಚು ತೆಗೆದು ಕಳಿಸಿದರು. ಆಮೇಲೆ ಹಿಚ್ಕಾಕ್ ತಾವೇ ಹೊರಟರು. ಕಲ್ಲು ಕ್ವಾರಿ ಕ್ವಾರಿ ಅಲೆದರು. ಅಳೆದರು, ಚಿತ್ರ ಬರೆದರು. 1836ರ ಜನವರಿಯಲ್ಲಿ ಅಮೆರಿಕನ್ ಜರ್ನಲ್ ಆಫ್ ಸೈನ್ಸ್‌ನಲ್ಲಿ ಅವರ ಲೇಖನ ಬಂತು: ಇವು ಪುರಾತನ ಹಕ್ಕಿಗಳ ಹೆಜ್ಜೆಗಳು, ಕೆಲವು ಹೆಜ್ಜೆ ಒಂದಡಿಗೂ ಉದ್ದ. ಎಷ್ಟೋ ಜನ ನಕ್ಕರು.

ಹೆಜ್ಜೆ ಕಲ್ಲಾಗುವುದು ಹೇಗೆ? ನಮ್ಮ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕೆರೆ ಬತ್ತುವ ಕಾಲದಲ್ಲಿ ಅಂಚಿನ ಕೆಸರಿನಲ್ಲಿ ಎಮ್ಮೆ ನಡೆದರೆ ಗುರುತು ಉಳಿಯುತ್ತದೆ. ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಮಳೆ ಬಂದು ಹೊಸ ಮಣ್ಣು ಮೆಲ್ಲಗೆ ಅದರ ಮೇಲೆ ಕೂತರೆ ಗುರುತು ಅಳಿಯದೆ ಮುಚ್ಚಿಕೊಳ್ಳುತ್ತದೆ. ಹೀಗೆ ಪದರದ ಮೇಲೆ ಪದರ ಕೂತು, ಭಾರಕ್ಕೆ ಒತ್ತಿ, ಲಕ್ಷಾಂತರ ವರ್ಷದಲ್ಲಿ ಕಲ್ಲಾಗುತ್ತದೆ. ಕ್ವಾರಿಯವರು ಪದರ ಬಿಡಿಸಿದಾಗ ಹೆಜ್ಜೆ ಮತ್ತೆ ಹೊರಗೆ ಬರುತ್ತದೆ. ಕನೆಕ್ಟಿಕಟ್ ಕಣಿವೆಯ ಕಲ್ಲುಗಳಲ್ಲಿ ಹೆಜ್ಜೆಯ ಜೊತೆಗೆ ಒಣಗಿದ ಕೆಸರಿನ ಬಿರುಕು, ಮಳೆಹನಿ ಬಿದ್ದ ಗುಳಿ ಕೂಡ ಇವೆ. ಸುಮಾರು 20 ಕೋಟಿ ವರ್ಷದ ಹಿಂದೆ ಬಿದ್ದ ಮಳೆ ಅದು!

ಮೂಳೆ, ಚಿಪ್ಪು ಕಲ್ಲಾದರೆ ಅದು ಸಾಮಾನ್ಯ ಪಳೆಯುಳಿಕೆ. ಹೆಜ್ಜೆ, ಹರಿದಾಡಿದ ಗೆರೆ, ಹುಳ ಕೊರೆದ ಬಿಲ, ಹಿಕ್ಕೆ ಇವು ಜಾಡಿನ ಪಳೆಯುಳಿಕೆ. ಮೂಳೆ ಸತ್ತ ಪ್ರಾಣಿಯದು. ಜಾಡು ಬದುಕಿದ್ದಾಗ ಬಿಟ್ಟದ್ದು. ರಾಗಿ ಹೊಲದಲ್ಲಿ ಬೆಳಗ್ಗೆ ಹೆಜ್ಜೆ ನೋಡಿ ಹಂದಿ ಎಷ್ಟು ಬಂದಿದ್ದವು, ಮರಿ ಇತ್ತೇ, ಯಾವ ಕಡೆಯಿಂದ ನುಗ್ಗಿದವು ಎಂದು ನಮ್ಮ ರೈತರು ಹೇಳುತ್ತಾರಲ್ಲ, ಇದೂ ಅದೇ ವಿದ್ಯೆ. 1976ರಲ್ಲಿ ಅಲೆಕ್ಸಾಂಡರ್ ಎಂಬ ವಿಜ್ಞಾನಿ ಹೆಜ್ಜೆಯ ಅಳತೆ ಮತ್ತು ಹೆಜ್ಜೆಯಿಂದ ಹೆಜ್ಜೆಗಿರುವ ದೂರ ಹಿಡಿದು ಡೈನೋಸಾರ್ ನಡೆದ ವೇಗ ಅಂದಾಜು ಮಾಡುವ ಲೆಕ್ಕ ಕೊಟ್ಟರು. ಈ ವಿದ್ಯೆಗೆ ಇಕ್ನಾಲಜಿ ಎಂದು ಹೆಸರು.

ಹಿಚ್ಕಾಕ್ ಸುಮಾರು ಮೂವತ್ತು ವರ್ಷ ಇದನ್ನೇ ಹಿಡಿದರು. ಪಾಠ ಬಿಡಲಿಲ್ಲ. 1840ರಲ್ಲಿ ಅವರು ಬರೆದ ಭೂವಿಜ್ಞಾನದ ಪಠ್ಯಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು. ಆಗ ತರಗತಿಯಲ್ಲಿ ತೋರಿಸಲು ಪರದೆ, ಪ್ರೊಜೆಕ್ಟರ್ ಎಲ್ಲಿತ್ತು? ಹೆಂಡತಿ ಓರಾ ವೈಟ್ ಹಿಚ್ಕಾಕ್ ಬಟ್ಟೆಯ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆದುಕೊಟ್ಟರು. ಹಿಂದಿನ ಬೆಂಚಿನ ಹುಡುಗನಿಗೂ ಕಾಣುವಂತೆ ಬೆಟ್ಟದ ಪದರ, ಪುರಾತನ ಪ್ರಾಣಿ, ಹೆಜ್ಜೆ ಗುರುತು. ಗಂಡನ ಪುಸ್ತಕಗಳಿಗೂ ನೂರಾರು ಚಿತ್ರ ಅವರದೇ. ಆ ಬಟ್ಟೆಯ ಚಿತ್ರಗಳು ಈಗಲೂ ಕಾಲೇಜಿನ ಸಂಗ್ರಹದಲ್ಲಿವೆ. 1851ರ ಒಂದು ಪುಸ್ತಕವನ್ನು ಹಿಚ್ಕಾಕ್ ಹೆಂಡತಿಗೇ ಅರ್ಪಿಸಿದರು. 1855ರಲ್ಲಿ ಹೆಜ್ಜೆಗಲ್ಲುಗಳನ್ನು ಇಡಲೆಂದೇ ಕಾಲೇಜಿನಲ್ಲಿ ಒಂದು ಕಟ್ಟಡ ಎದ್ದಿತು. 1858ರಲ್ಲಿ ಅವರ ದೊಡ್ಡ ಪುಸ್ತಕ ‘ಇಕ್ನಾಲಜಿ ಆಫ್ ನ್ಯೂ ಇಂಗ್ಲೆಂಡ್’ ಬಂತು.

ಆದರೆ ಅವರ ತೀರ್ಮಾನ ತಪ್ಪಾಗಿತ್ತು. ಅವು ಹಕ್ಕಿಗಳಲ್ಲ, ಬಹುಪಾಲು ಡೈನೋಸಾರ್. ಅವರು ಮೊದಲ ಲೇಖನ ಬರೆದಾಗ ‘ಡೈನೋಸಾರ್’ ಎಂಬ ಪದವೇ ಇರಲಿಲ್ಲ. ಅದು ಬಂದದ್ದು 1842ರಲ್ಲಿ. ಬಂದ ಮೇಲೂ ಅವನ್ನು ನಾಲ್ಕು ಕಾಲಿನ ದೈತ್ಯ ಹಲ್ಲಿಗಳೆಂದೇ ಊಹಿಸಿದ್ದರು. ಎರಡು ಕಾಲು, ಮೂರು ಬೆರಳು ಎಂದರೆ ಹಕ್ಕಿ ಬಿಟ್ಟು ಬೇರೇನು ಹೇಳುವುದು? ಹಿಚ್ಕಾಕ್ 1864ರಲ್ಲಿ ತೀರಿಕೊಂಡರು, ಹಕ್ಕಿ ಎಂಬ ನಂಬಿಕೆಯಲ್ಲೇ. ಇವತ್ತು ವಿಜ್ಞಾನ ಹೇಳುವುದು ಹಕ್ಕಿಗಳೇ ಡೈನೋಸಾರ್ ವಂಶದವು ಎಂದು. ಹೆಸರು ತಪ್ಪಿದರೂ ನಂಟು ತಪ್ಪಿರಲಿಲ್ಲ. ಅವರು ಕಲ್ಲುಗಳನ್ನೂ ಅಳತೆಗಳನ್ನೂ ಜೋಪಾನ ಮಾಡಿದ್ದರಿಂದಲೇ ಮುಂದಿನವರು ತಿದ್ದಲು ಸಾಧ್ಯವಾಯಿತು.

ಇನ್ನು ಜಗಳದ ವಿಷಯ. 1840ರ ದಶಕದಲ್ಲಿ ಡಾಕ್ಟರ್ ಡೀನ್, ಪ್ರೊಫೆಸರ್ ಹಿಚ್ಕಾಕ್ ಇಬ್ಬರೂ ಪತ್ರಿಕೆಯಲ್ಲೇ ವಾದಕ್ಕಿಳಿದರು. ಮೊದಲು ಕಂಡು ಪತ್ರ ಬರೆದವನು ನಾನು ಎಂದು ಡೀನ್. ಹೇಳಿದ್ದು ನೀವು ಸರಿ, ವಿಜ್ಞಾನದ ಪ್ರಕಾರ ಸಾಧಿಸಿ ತೋರಿಸಿದ್ದು ನಾನು ಎಂದು ಹಿಚ್ಕಾಕ್. ಓದುತ್ತಾ ನಮಗೆ ಇಬ್ಬರ ಮಾತೂ ಸರಿ ಎನಿಸಿತು. ಕಾಣುವುದು ಒಂದು ಕೆಲಸ, ಸಾಧಿಸುವುದು ಇನ್ನೊಂದು ಕೆಲಸ.

ಆದರೆ ಕಲ್ಲು ಹಾಸಿದ ಡೆಕ್ಸ್‌ಟರ್ ಮಾರ್ಷ್? ಅವರೂ ಕೂಲಿ ಮಾಡಿಕೊಂಡೇ ಹೆಜ್ಜೆಗಲ್ಲು ಹುಡುಕಿದರು. ಮನೆಯಲ್ಲೇ ಸಂಗ್ರಹಾಲಯ ಮಾಡಿದರು. 1853ರಲ್ಲಿ ಅವರು ತೀರಿಕೊಂಡ ಮೇಲೆ ಕಲ್ಲುಗಳು ಹರಾಜಾದವು. ಒಂದಷ್ಟು ಆಮ್‌ಹರ್ಸ್ಟ್ ಕಾಲೇಜಿಗೇ ಬಂದವು.

ಇಲ್ಲಿ ಹಿಚ್ಕಾಕ್ ಅವರ ಒಂದು ಗುಣ ಹೇಳಬೇಕು. ಜಗಳವಾಡಿದ್ದರೂ ತಮ್ಮ ಪುಸ್ತಕದಲ್ಲಿ ಈ ಕಲ್ಲುಗಳ ಕತೆ ಬರೆಯುವಾಗ ಅವರು ಶುರು ಮಾಡುವುದು ತಮ್ಮಿಂದಲ್ಲ. 1802ರಲ್ಲಿ ಹೊಲ ಉಳುತ್ತಿದ್ದ ಹುಡುಗ ಪ್ಲೈನಿ ಮೂಡಿಯಿಂದ, ಹೆಸರು ಹೇಳಿ. ಮೆಟ್ಟಿಲಾಗಿದ್ದ ಆ ಚಪ್ಪಡಿ ಇವತ್ತೂ ಆಮ್‌ಹರ್ಸ್ಟಿನ ಸಂಗ್ರಹಾಲಯದಲ್ಲಿದೆ. ಒಬ್ಬ ರೈತನ ಮಗನ ಹೆಸರು ಇನ್ನೂರು ವರ್ಷ ದಾಟಿ ನಮ್ಮ ಮೊಬೈಲಿಗೆ ಬಂದದ್ದು ಹೀಗೆ, ಒಬ್ಬ ಪ್ರೊಫೆಸರ್ ಬರೆದಿಟ್ಟಿದ್ದರಿಂದ.

ನಾವು ಬರೆದಿಡಲಿಲ್ಲ. ಮೇಷ್ಟ್ರು ಓದಿ ಹೇಳಿದ್ದು ದೊಡ್ಡ ಕೆಲಸ, ಅದಕ್ಕೆ ಅವರ ಹೆಸರು ಬರಲೇಬೇಕು. ಆದರೆ ಅಜ್ಜಿ ಕೈ ಅಡ್ಡ ಹಿಡಿಯದಿದ್ದರೆ ಜೆಸಿಬಿ ಆ ಕಲ್ಲನ್ನು ಹೂಳಿನ ಜೊತೆ ಟ್ರ್ಯಾಕ್ಟರಿಗೆ ತುಂಬುತ್ತಿತ್ತು. ಓದುವುದಕ್ಕೆ ಮೇಷ್ಟ್ರಿಗೆ ಏನೂ ಇರುತ್ತಿರಲಿಲ್ಲ.

ಇನ್ನೊಂದು ಸುದ್ದಿ ಬರೆದು ಕಳಿಸಿದೆವು, ಅಜ್ಜಿಯ ಹೆಸರಿನೊಂದಿಗೆ. ‘ಹಳೇ ಸುದ್ದಿ, ಮತ್ತೆ ಯಾಕೆ’ ಎಂದು ವಾಪಸ್ ಬಂತು. ಆಮೇಲೆ ಊರಿನವರು ಕಲ್ಲನ್ನು ಗುಡಿ ಪಕ್ಕ ನಿಲ್ಲಿಸಿ ಬೋರ್ಡ್ ಹಾಕುವ ಮಾತಾಡಿದಾಗ ನಾವೇ ಹೋಗಿ, ಕಲ್ಲು ಉಳಿಸಿದವರು ಯಾರೆಂದು ಒಂದು ಸಾಲು ಬರೆಸಿ ಎಂದೆವು. ಒಪ್ಪಿದರು. ಪೇಂಟರ್ ಬರೆಯುವ ದಿನ ಅಜ್ಜಿ ಬಂದು ನಿಂತಿದ್ದರು. ಅವರಿಗೆ ಓದು ಬರುವುದಿಲ್ಲ. ಯಾವುದು ತಮ್ಮ ಹೆಸರು ಎಂದು ಮೊಮ್ಮಗನನ್ನು ಕೇಳಿ, ಅಷ್ಟನ್ನೇ ನೋಡಿದರು.

ಇಲ್ಲಿಯೂ ಹಾಕಲೇ ಎಂದು ಕೇಳಿದೆವು. “ಬೋರ್ಡ್ ಮ್ಯಾಲೆ ಸಾಕು ಕಣಪ್ಪಾ, ಮೊಬೈಲ್ನಾಗೆ ಬ್ಯಾಡ” ಎಂದರು. ಅದಕ್ಕೇ ಈ ಬರಹದಲ್ಲೂ ಅವರ ಹೆಸರಿಲ್ಲ.

1966ರಲ್ಲಿ ಅದೇ ಕಣಿವೆಯ ರಾಕಿ ಹಿಲ್ ಎಂಬಲ್ಲಿ ಕಟ್ಟಡಕ್ಕೆಂದು ನೆಲ ಅಗೆಯುತ್ತಿದ್ದ ಬುಲ್ಡೋಜರ್ ಚಾಲಕನೊಬ್ಬನಿಗೆ ಹೆಜ್ಜೆ ಗುರುತಿನ ಕಲ್ಲು ಕಂಡಿತು. ಅಲ್ಲಿ ಸುಮಾರು 2,000 ಹೆಜ್ಜೆಗಳು ಸಿಕ್ಕವು. ಈಗ ಅದು ಸರ್ಕಾರಿ ಉದ್ಯಾನ. ನೇಗಿಲು ಹಿಡಿದವನು, ಹಾಸುಗಲ್ಲು ಹಾಕುವವನು, ಬುಲ್ಡೋಜರ್ ಓಡಿಸುವವನು. ಮಣ್ಣಿನಲ್ಲಿ ಕೈ ಇಟ್ಟವರಿಗೇ ಮೊದಲು ಕಾಣುತ್ತದೆ.

ನಿಮ್ಮೂರಿನಲ್ಲೂ ಮಗುಚಿ ನೋಡದ ಕಲ್ಲು ಇದ್ದೀತು. ಸಂಜೆ ಬಿಸಿಲು ಅಡ್ಡ ಬೀಳುವ ಹೊತ್ತಿಗೆ ನೋಡಿ. ಏನಾದರೂ ಕಂಡರೆ ನಮಗೆ ಫೋನ್ ಮಾಡಿ. ಈಗ ನಮ್ಮ ನೋಟ್‌ಬುಕ್ಕಿನಲ್ಲಿ ಮೊದಲ ಸಾಲಿಗೆ ಒಂದೇ ಪ್ರಶ್ನೆ ಇರುತ್ತದೆ: ಮೊದಲು ಕಂಡವರು ಯಾರು?